ಹಂಡೆಯ ಬಾಯಿಗೆ ಸಿಕ್ಕಿಕೊಂಡ ಹೊಟ್ಟೆ

“ಥೂ, ಕುಡುಕ ನನ್ಮಗನೇ! ಇದೇನು ಹೊಟ್ಟೆಯೋ, ಹೆಂಡದ ಪೀಪಾಯಿಯೋ?”

ಕಾರ್ಖಾನೆಯ ಡಾಕ್ಟರ್ ಬ್ರಗಾದಿನ್ ಬೆರಳಿನಿಂದ ಗಿಲ್ಡೊನ ಬಲಪಕ್ಕೆಯ ಕೆಳಗೆ ತಿವಿದ. ಗಿಲ್ಡೊನ ಅರಿಸಿನ ಬಣ್ಣದ ಕಣ್ಣಿಗೆ ಕತ್ತಲೆ ಕವಿಯಿತು.

“ವೈನು ಮುಟ್ಟಿದೋನಲ್ಲ ಡಾಕ್ಟ್ರೇ. ನಮ್ಮಪ್ಪ ಅದ್ರಲ್ಲೇ ಮುಳುಗಿ ಸತ್ತ. ನಂಗೆ ಅದರ ವಾಸ್ನೆ ಕಂಡ್ರೇ ಆಗಕ್ಕಿಲ್ಲ.”

“ಹಾಗಾದ್ರೆ ಕಂಪನಿ ಹಾಲು? ದಿನಾ ಕುಡೀತಿದ್ಯಾ?”

ಗಿಲ್ಡೊ ತಲೆ ತಗ್ಗಿಸಿದ. ಪ್ಲಾಸ್ಟಿಕ್ ಪುಡಿ ಬೇಯುವ ಹಂಡೆಯೊಳಕ್ಕೆ ಇಳಿದು ಗೋಡೆಗಂಟಿದ ಸೀಕು ಕೆರೆಯುವವರಿಗೆಲ್ಲ ಪಾಳಿ ಮುಗಿದ ಮೇಲೆ ಅರ್ಧ ಲೀಟರ್ ಹಾಲು ಸಿಗುತ್ತಿತ್ತು. ಹಾಲು ವಿಷ ತೊಳೆಯುತ್ತದೆ ಎಂದು ಡೈರೆಕ್ಟರನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರೂ ಆಣೆ ಮಾಡಿ ಹೇಳುತ್ತಿದ್ದರು. ಗಿಲ್ಡೊ ತನ್ನ ಪಾಲನ್ನು ಮಗಳಿಗೆಂದು ಮನೆಗೆ ಒಯ್ಯುತ್ತಿದ್ದ.

“ನೋಡ್ರಪ್ಪಾ! ಹಾಲು ಮನೆಗೆ ಸಾಗಿಸ್ತಾನೆ, ಗೂಬೆ ಕಂಪನಿ ಮೇಲೆ ಕೂರಿಸ್ತಾನೆ!”

ಕುಡಿದಿದ್ದರೂ ಅವನ ತಪ್ಪು, ಕುಡಿಯದಿದ್ದರೂ ಅವನ ತಪ್ಪು. ಅತ್ತೆ ಒಡೆದ ಪಾತ್ರೆಗೆ ಎಲ್ಲಿಯ ಬೆಲೆ?

ಊರಿನ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಮಾತ್ರ ಅವನನ್ನು ಕುರ್ಚಿಯಲ್ಲಿ ಕೂರಿಸಿ ಮಾತಾಡಿದ್ದಳು. ಚಳಿಗೆ ಬೆರಳ ತುದಿಗಳು ಬಿಳಚಿ ಜೋಮು ಹಿಡಿಯುವುದು, ಊಟ ಸೇರದಿರುವುದು, ಮೈ ಸೊರಗಿ ಹೊಟ್ಟೆ ಮಾತ್ರ ನೀರು ತುಂಬಿ ಬೆಳೆಯುವುದು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಯಕೃತ್ತಿನೊಳಗಿನ ರಕ್ತನಾಳಗಳಿಗೇ ಕ್ಯಾನ್ಸರ್ ಆಗಿದೆ ಕಣಪ್ಪಾ. ಲಕ್ಷಕ್ಕೊಬ್ಬರಿಗೂ ಬರೋದಲ್ಲ. ನಿಮ್ಮ ಹಂಡೆಯವರೇ ಒಬ್ಬರ ಹಿಂದೊಬ್ಬರು ಬರ್ತಿದ್ದೀರಿ. ಅಲ್ಲಿಯ ಗಾಳಿಯೇ ಇದಕ್ಕೆ ಕಾರಣ.”

“ಕುಯ್ದು ತೆಗೀಬೋದಾ ತಾಯಿ?”

“ಒಂದೇ ಕಡೆ ಸಣ್ಣದಾಗಿದ್ದರೆ ತೆಗೀಬಹುದಿತ್ತು. ನಿನಗೆ ಯಕೃತ್ತಿಗೆಲ್ಲ ಹರಡಿದೆ. ನರಕ್ಕೆ ಔಷಧಿ ಹನಿಸಿದರೆ ಕೂದಲು ಉದುರುತ್ತೆ, ರೋಗ ಜಗ್ಗಲ್ಲ. ಹೊಟ್ಟೆಗೆ ಪೆಟ್ಟು ಬೀಳದ ಹಾಗೆ ನೋಡ್ಕೋ. ಗಡ್ಡೆ ಒಡೆದರೆ ಒಳಗೆ ಸುರಿಯೋ ರಕ್ತ ನಿಲ್ಲಲ್ಲ.”

ಇನ್ನೆಷ್ಟು ಕಾಲ ಎಂದು ಕೇಳಿದ. ಅವಳು ಮುಚ್ಚಿಡದೆ ಹೇಳಿದಳು. ಅದನ್ನು ಅವನು ಹೆಂಡತಿ ಓರ್ನೆಲಾಳಿಗೂ ಹೇಳಲಿಲ್ಲ.

ಸಂಜೆ ಅದೇ ಕಾರ್ಖಾನೆಯಲ್ಲಿ ದುಡಿಯುವ ಓರ್ನೆಲಾಳ ತಮ್ಮ ಅಲ್ವಿಸೆ ಬಂದ. ತಟ್ಟೆಯ ಪೊಲೆಂಟಾ ಗಂಜಿ ಮುಟ್ಟದೆ ಕೂತ.

“ಬಾವ, ನಿನ್ ಜಾಗಕ್ಕೆ ನಾಳೆಯಿಂದ ನನ್ನ ಹಂಡೆಗೆ ಇಳಿಸ್ತಾರಂತೆ. ಹಾಲು ಕುಡುದ್ರೆ ಏನೂ ಆಗಕ್ಕಿಲ್ವಂತೆ.”

“ಬೆಪ್ಪ್ ಮುಂಡೇದೆ! ನನ್ ಜೊತೆ ಹಂಡೆಗಿಳೀತಿದ್ದ ಬೆಪಿ, ಮರಿನೊ ಇಬ್ರೂ ತೊಟ್ಟು ಬಿಡ್ದಂಗೆ ಕುಡುದ್ರು. ಈಗೆಲ್ಲವ್ರೆ?”

“ಮಣ್ಣಲ್ಲವ್ರೆ. ಇಳೀದೆ ಇದ್ರೆ ಗೇಟಿಂದ ಆಚೆಗೆ ದಬ್ತಾರೆ ಬಾವ. ಮಕ್ಕಳ ಬಾಯಿಗೆ ಏನಾಕ್ಲಿ?”

ಗಿಲ್ಡೊ ಎರಡೂ ಕೈಯಲ್ಲಿ ತನ್ನ ಹೊಟ್ಟೆಯ ಸುತ್ತಳತೆ ನೋಡಿಕೊಂಡ.

ಬೆಳಿಗ್ಗೆ ಅಲ್ವಿಸೆ ಉಳಿ ಸುತ್ತಿಗೆ ಹಿಡಿದು ಹಂಡೆಯ ಮೇಲಿನ ಅಟ್ಟಕ್ಕೆ ಹತ್ತಿದಾಗ ಗಿಲ್ಡೊ ಆಗಲೇ ಅಲ್ಲಿದ್ದ. ಇಳಿಯುವ ಕಿಂಡಿಯೊಳಕ್ಕೆ ಕಾಲು ಇಳಿಬಿಟ್ಟು ಕೂತಿದ್ದ. ಸೊಂಟ ಒಳಗೆ ಹೋಗಿತ್ತು, ಹೊಟ್ಟೆ ಹೋಗಿರಲಿಲ್ಲ. ಸೀಸೆಗೆ ಬಿರಟೆ ಜಡಿದ ಹಾಗೆ ಕಿಂಡಿ ಮುಚ್ಚಿಹೋಗಿತ್ತು.

“ಏಳ್ಲಾ ಬೋಳಿಮಗನೇ!” ಎಂದು ಮೇಸ್ತ್ರಿ ಜೋರ್ಜೆತ್ತೊ ಅರಚಿದ. ಕೆಳಗಿದ್ದವರು ಮೊದಲು ನಕ್ಕರು. ಬಳಿಕ ಒಬ್ಬೊಬ್ಬರಾಗಿ ಹತ್ತಿ ಬಂದು ಸುತ್ತ ನಿಂತರು.

ಬ್ರಗಾದಿನ್ ಏದುಸಿರು ಬಿಡುತ್ತ ಬಂದ. “ನೋಡ್ತಾ ನಿಂತಿದ್ದೀರಲ್ಲ! ಎಳೆದು ಹಾಕ್ರೋ!”

“ಅವರ್ಯಾಕೆ, ನೀವೇ ಎಳೀರಿ ಡಾಕ್ಟ್ರೇ,” ಎಂದ ಗಿಲ್ಡೊ. “ವೈನಿನ ಹೊಟ್ಟೆ ತಾನೇ? ಜೋರಾಗಿ ಎಳೀರಿ. ಒಡುದ್ರೆ ಹೆಂಡ ತಾನೇ ಸುರಿಯೋದು? ಎಲ್ರೂ ನೋಡ್ಲಿ.”

ಬ್ರಗಾದಿನ್ ಕೈ ಚಾಚಿದ. ಗಿಲ್ಡೊನ ಹೊಟ್ಟೆಯವರೆಗೆ ಬಂದ ಕೈ ಅಲ್ಲೇ ನಿಂತು, ಮೆಲ್ಲಗೆ ಕೋಟಿನ ಜೇಬು ಸೇರಿತು. ಅದನ್ನು ಎಲ್ಲರೂ ನೋಡಿದರು. ಅಲ್ವಿಸೆ ಉಳಿಯನ್ನು ಅಟ್ಟದಿಂದ ಕೆಳಕ್ಕೆಸೆದ. ಅದರ ಹಿಂದೆ ಇನ್ನೊಬ್ಬನದು ಬಿತ್ತು, ಮತ್ತೊಬ್ಬನದು ಬಿತ್ತು.

“ಎಷ್ಟೊತ್ತು ಹಿಂಗೆ ಕೂತಿರ್ತೀಯೋ?” ಮೇಸ್ತ್ರಿಯ ದನಿ ಇಳಿದಿತ್ತು.

“ಆರು ತಿಂಗ್ಳು ಅಂದವ್ರೆ,” ಎಂದ ಗಿಲ್ಡೊ. “ಅದ್ಕಿಂತ ಜಾಸ್ತಿ ನನ್ ಕೈಲಾಗಕ್ಕಿಲ್ಲ ಮೇಸ್ತ್ರಿ.”