ಸಡಿಲ ಬಿಟ್ಟ ಅಳತೆ

ಬೆಳಗ್ಗೆ ಏಳುವಷ್ಟರಲ್ಲಿ ಹಾಸಿಗೆ ಮತ್ತೆ ಒದ್ದೆಯಾಗಿತ್ತು. ಟೀಚರಮ್ಮನಿಗೆ ಈಗೀಗ ಅಳುವುದಕ್ಕೂ ಬೇಸರ. ಹೊದಿಕೆಯನ್ನು ಮುದ್ದೆ ಮಾಡಿ ಬಚ್ಚಲಿಗೆ ಹಾಕಿ, ಸ್ಟೂಲಿನ ಮೇಲೆ ಕುಸಿದಳು.

ಕೆಟ್ಟುಹೋದ ದೊಡ್ಡ ಕರುಳನ್ನು ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಗಡೆ ಹೊರಕ್ಕೆ ತಂದು ಕೂರಿಸಿ ಎರಡು ತಿಂಗಳಾಗಿತ್ತು. ಆ ಬಾಯಿಗೆ ಆಸ್ಪತ್ರೆಯವರು ಸ್ಟೋಮಾ ಎನ್ನುತ್ತಿದ್ದರು. ಹೊತ್ತುಗೊತ್ತಿಲ್ಲದೆ ಅಲ್ಲಿಂದ ಹರಿಯುವ ಮಲವನ್ನು ಹಿಡಿಯಲು ಒಂದು ಚೀಲ. ಚೀಲ ಚರ್ಮಕ್ಕೆ ಕಚ್ಚಿಕೊಳ್ಳಲು, ನಡುವೆ ತೂತು ಕತ್ತರಿಸಿದ ಅಂಟುಬಿಲ್ಲೆ. ಕತ್ತರಿಸುವವನು ಗಂಡ. ಅವನು ಟೈಲರ್. ಅವನು ಚೀಲ ಬದಲಿಸುವಾಗಲೆಲ್ಲ ಅವಳು ಕಿಟಕಿಯ ಪರದೆ ನೋಡುತ್ತ ಮಲಗಿರುತ್ತಿದ್ದಳು. ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಇವತ್ತಿಗೆ ರಜೆ ಮುಗಿಯುತ್ತಿತ್ತು, ನಾಳೆಯಿಂದ ಶಾಲೆ. ಹೀಗೆ ಸೋರಿದರೆ ಮಕ್ಕಳೆದುರು ನಿಲ್ಲುವುದು ಹೇಗೆ? ಆಸ್ಪತ್ರೆಯ ನರ್ಸಿಗೆ ಫೋನ್ ಮಾಡಿದಳು.

"ಅಳತೆ ಮತ್ತೆ ತಗೊಂಡ್ರಾ ಅಕ್ಕಾ? ಊತ ಇಳಿದು ಸ್ಟೋಮಾ ಚಿಕ್ಕದಾಗಿರುತ್ತೆ. ಬಿಲ್ಲೆಯ ತೂತು ದೊಡ್ಡದಾದ್ರೆ ಸೋರಿದ್ದು ತಾಗಿ ಸುತ್ತಲಿನ ಚರ್ಮ ಸುಡುತ್ತೆ, ಅಂಟೂ ಬಿಟ್ಕೊಳ್ಳುತ್ತೆ."

ಗಂಡನಿಗೆ ಹೇಳಿದರೆ ಮುಖ ಊದಿಸಿಕೊಂಡ.

"ಮೀಸೆ ಮೂಡೋ ಮೊದಲೇ ಕತ್ತರಿ ಹಿಡಿದೋನು ನಾನು. ಬಿಗಿಯಾದ್ರೆ ಒತ್ತುತ್ತೆ ಅಂತ ಒಂಚೂರು ಸಡಿಲ ಬಿಟ್ಟೆ, ಅಷ್ಟೇ."

"ಅದೇನು ಅಂಗಿ ತೋಳು ಅಂದ್ಕೊಂಡ್ರಾ?"

"ಅಂಗಿ ಹೊಲಿದಾಗ್ಲಾದ್ರೂ ನಿನ್ನ ಬಾಯಲ್ಲಿ ಒಳ್ಳೆ ಮಾತು ಬಂದಿತ್ತಾ?"

ನಗು ಬಂತು, ನಕ್ಕರೆ ಹೊಟ್ಟೆಯ ಚರ್ಮ ಉರಿಯಿತು. ಅವನು ಕಣ್ಣಳತೆಯಲ್ಲೇ ಇನ್ನೊಂದು ಬಿಲ್ಲೆಗೆ ಕತ್ತರಿ ಇಡಹೊರಟಾಗ ಕೈ ಚಾಚಿದಳು.

"ಇಲ್ಲಿ ಕೊಡಿ."

ಹಳೆಯ ಚೀಲ ಬಿಡಿಸಿ, ಒರೆಸಿ, ಬಗ್ಗಿ ನೋಡಿದಳು. ಕೆಂಪಗೆ, ತುಟಿಯ ಒಳಮೈಯಂತೆ ಒದ್ದೆ. ತನ್ನ ಪಾಡಿಗೆ ತಾನು ಮಿಸುಕುತ್ತಿತ್ತು. ಸುತ್ತ ಚರ್ಮ ಹಸಿಗಾಯ. ತಲೆ ಸುತ್ತೀತು ಎಂದುಕೊಂಡಿದ್ದಳು. ಬಂದದ್ದು ಬರೀ ಸುಸ್ತು. ಇಷ್ಟಕ್ಕೆ ಹೆದರಿ ಎಲ್ಲವನ್ನೂ ಇವನ ತಲೆಗೆ ಕಟ್ಟಿದ್ದೆನಲ್ಲ.

ಆಸ್ಪತ್ರೆಯವರು ಕೊಟ್ಟ, ಬೇರೆ ಬೇರೆ ಅಳತೆಯ ತೂತುಗಳಿದ್ದ ಕಾಗದವಿಟ್ಟು ನೋಡಿ, ತಾನೇ ಕತ್ತರಿಸಿದಳು.

"ಅಂಚು ಸೊಟ್ಟ," ಎಂದ ಗಂಡ. ತಾನೇ ಸರಿಮಾಡಲು ಅವನ ಕೈ ತುರಿಸುತ್ತಿತ್ತು.

"ಇರಲಿ. ನೀವು ಕನ್ನಡಿ ಹಿಡೀರಿ."

ಬಿಲ್ಲೆ ಅಂಟಿಸಿ, ಅಂಗೈಯ ಬಿಸಿ ತಾಗುವಂತೆ ಒತ್ತಿ ಹಿಡಿದು ಕೂತಳು. ಕೆಲಸವಿಲ್ಲದ ಕೈಯಲ್ಲಿ ಕನ್ನಡಿ ಹಿಡಿದು ಅವನೂ ಕೂತ.

ಸಂಜೆಯವರೆಗೆ ಸೋರಲಿಲ್ಲ. ನಾಳೆ ಶಾಲೆಗೆ ತೊಡುವ ಬಟ್ಟೆ ತೆಗೆದಿಟ್ಟಳು. ಕೈಚೀಲದಲ್ಲಿ ಇನ್ನೊಂದು ಜೊತೆ ಬಟ್ಟೆಯನ್ನೂ ಮಡಿಸಿ ಇಟ್ಟುಕೊಂಡಳು.