ಹೊರಡುವ ಮುಂಚಿನ ಪ್ರಾರ್ಥನೆ

ಮಗಳ ಚೀಲ ಬಾಗಿಲ ಬಳಿ ಸಿದ್ಧವಾಗಿತ್ತು. ಮುದ್ದೇಬಿಹಾಳದಿಂದ ಅಳಿಯ ದಾನಿಯೇಲ, ತಾಯಿ ಶೆಟ್ಟೆವ್ವನನ್ನು ಕರೆದುಕೊಂಡು ಬಂದು, ಉಂಡು, ಚಹಾ ಕುಡಿದು ಕುಳಿತಿದ್ದ. ಇನ್ನು ಉಳಿದದ್ದು ಪ್ರಾರ್ಥನೆ. ಯಾರೇ ಊರಿಗೆ ಹೊರಟರೂ ಇಸಾಕನ ಮನೆಯಲ್ಲಿ ಮಂಡಿಯೂರದೆ ಹೊಸಿಲು ದಾಟುತ್ತಿರಲಿಲ್ಲ. ಹಿರಿಯ ಪ್ರಾರ್ಥಿಸಬೇಕು, ಎಲ್ಲರೂ ‘ಆಮೆನ್’ ಅನ್ನಬೇಕು, ಆಮೇಲೆ ಪ್ರಯಾಣ.

ಇಸಾಕ ಸಿಂದಗಿಯಲ್ಲಿ ಬಟ್ಟೆ ಹೊಲಿಯುವವನು, ತನ್ನ ಸಣ್ಣ ಕ್ರೈಸ್ತ ಸಭೆಗೆ ಹಿರಿಯ. ಮಗಳು ಕರುಣಾ ತವರಿಗೆ ಬಂದು ತಿಂಗಳಾಗಿತ್ತು. ಬಂದ ದಿನ ಅವಳ ಕಿವಿಯ ಹಿಂದೆ ನೀಲಿಗಟ್ಟಿದ್ದನ್ನು ಅವನು ಕಂಡಿದ್ದ. ಗಂಡ ಹೊಡೆಯುತ್ತಾನೆಂದು ಅವಳೇ ಹೇಳಿದ್ದಳು. ಅಂದಿನಿಂದ ಬೆಳಗಾದರೆ ಮಂಡಿಯೂರಿ, ಅವಳ ಸಂಸಾರ ನೆಟ್ಟಗಾಗಲಿ ಎಂದು ಬೇಡಿ ಬೇಡಿ ಅವನು ದಣಿದಿದ್ದ. ಆರಾಧನೆ ಮುಗಿದ ಕೂಡಲೇ ಜನ, “ಮಗಳು ಇನ್ನೂ ಇಲ್ಲೇ ಅದಾಳೇನ್ರಿ?” ಎಂದು ಕೇಳುವುದು ಅದಕ್ಕಿಂತ ಹೆಚ್ಚು ದಣಿಸಿತ್ತು.

“ಶುರು ಮಾಡ್ರಿ ಬೀಗರ,” ಎಂದಳು ಶೆಟ್ಟೆವ್ವ, ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತ. “ನಿಮ್ಮ ಪ್ರಾರ್ಥನಿ ಭಾಳ ಉದ್ದ. ಬಸ್ಸು ನಮ್ಮ ಸಲುವಾಗಿ ನಿಂದ್ರಂಗಿಲ್ಲ.”

ಇಸಾಕ ಕಣ್ಣು ಮುಚ್ಚಿದ. ಮಾತು ತಾನಾಗಿ ಬಂತು. “ಪರಲೋಕದ ತಂದೆಯೇ, ನಿನ್ನ ಮಗಳಾದ ಕರುಣಾಳಿಗೆ ತಾಳ್ಮೆ ಕೊಡು. ಎದುರಾಡದ ನಾಲಿಗೆ ಕೊಡು. ಗಂಡನ ಮನೆಯೇ ತನ್ನ ಮನೆ ಎಂಬ ತಿಳುವಳಿಕೆ ಕೊಡು…”

“ಆಮೆನ್,” ಎಂದಳು ಶೆಟ್ಟೆವ್ವ. “ಆಮೆನ್,” ಎಂದ ದಾನಿಯೇಲ.

ಮೂರನೆಯ ದನಿ ಬರಲಿಲ್ಲ. ಇಸಾಕ ಕಣ್ಣು ತೆರೆದ. ಕರುಣಾ ಅವನನ್ನೇ ನೋಡುತ್ತಿದ್ದಳು.

“ಅಪ್ಪಾ, ನೀ ದೇವರ ಜೋಡಿ ಮಾತಾಡಿದ್ಯೋ, ನನ್ನ ಜೋಡಿನೋ?”

“ಪ್ರಾರ್ಥನಿಗೆ ಅಡ್ಡ ಬಾಯಿ ಹಾಕ್ತಾರೇನವ್ವ?” ಎಂದಳು ಶೆಟ್ಟೆವ್ವ.

“ಮುಗದ ಮ್ಯಾಲೇ ಕೇಳಾಕತ್ತೇನಿ ಅತ್ತಿ. ನನಗ ಹೇಳೂದಿದ್ರ ನನಗೇ ಹೇಳಲಿ. ನಡುವ ದೇವರನ್ಯಾಕ ಕುಂಡ್ರಸಬೇಕು?”

ಇಸಾಕ ತನ್ನ ಪ್ರಾರ್ಥನೆಯನ್ನು ನೆನೆದ. ಕೇಳಿದ್ದೆಲ್ಲ ಮಗಳು ಬದಲಾಗಲಿ ಎಂದು. ಅಳಿಯನ ಕೈಯ ಬಗ್ಗೆ ಒಂದು ಮಾತಿಲ್ಲ. ತಿಂಗಳಿಡೀ ಬೇಡಿದ್ದೂ ಇಷ್ಟೇ ಅಲ್ಲವೇ? ಅವಳು ಸುಖವಾಗಿರಲಿ ಎಂದಲ್ಲ, ಇಲ್ಲಿಂದ ಹೋಗಲಿ ಎಂದು. ಸಭೆಯಲ್ಲಿ ತಾನು ತಲೆಯೆತ್ತಿ ಕೂರಬೇಕು ಎಂದು.

“ಏನ ಕೇಳ್ಲಿ ಹೇಳವ್ವ,” ಎಂದ ಮೆಲ್ಲಗೆ.

“ಇವರ ಕೈ ನಿಲ್ಲಲಿ ಅಂತ ಕೇಳು. ಹೆಸರ ಹಿಡದ ಕೇಳು.”

ಇಸಾಕ ಮತ್ತೆ ಕಣ್ಣು ಮುಚ್ಚಿದ. ಈ ಸಲ ಮಾತು ತಡೆತಡೆದು ಬಂತು. “ತಂದೆಯೇ, ಈ ದಾನಿಯೇಲ ನನ್ನ ಮಗಳ ಮೇಲೆ ಕೈ ಮಾಡುತ್ತಾನೆ…”

ಎದುರಿಗೆ ಚಾಪೆ ಸರಿದ ಸದ್ದಾಯಿತು. ಅಳಿಯನಿಗೆ ಚೆನ್ನಾಗಿ ನಾಟಲಿ ಎಂದು ತನ್ನ ದನಿ ಏರಿದ್ದನ್ನು ಇಸಾಕ ಗಮನಿಸಿದ. ಇದೂ ಅದೇ ಆಟ. ಆಗ ಮಗಳಿಗೆ, ಈಗ ಅಳಿಯನಿಗೆ. ಅವನು ಅಲ್ಲಿಗೇ ನಿಲ್ಲಿಸಿ ಕಣ್ಣು ತೆರೆದ.

“ದಾನಿಯೇಲ ಅವರ, ಇದನ್ನ ದೇವರಿಗೆ ಹೇಳೂದಲ್ಲ, ನಿಮಗ ಹೇಳಬೇಕು. ನೀವು ನನ್ನ ಮಗಳನ್ನ ಹೊಡದೀರಿ. ಆಕಿ ಇವತ್ತ ಬರಂಗಿಲ್ಲ.”

ದಾನಿಯೇಲ ಎದ್ದು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ. ಶೆಟ್ಟೆವ್ವ ಮಂಡಿ ಹಿಡಿದುಕೊಂಡು ನಿಧಾನ ಎದ್ದಳು.

“ಸಭಿಯಾಗ ಕೇಳಿದ್ರ ಏನ ಹೇಳ್ತೀರಿ, ಹಿರೇರ?”

“ಇದ್ದದ್ದ ಹೇಳ್ತೇನ್ರಿ.”

“ಹೇಳ್ರಿ. ನಿಮ್ಮನ್ನೇನ ಮೆರವಣಿಗಿ ಮಾಡ್ತಾರ ನೋಡೂಣು!”

ಅವರು ಹೋದರು. ಕರುಣಾ ಚೀಲದಿಂದ ಬಟ್ಟೆ ತೆಗೆದು ಒಂದೊಂದಾಗಿ ಗೂಟಕ್ಕೆ ಹಾಕತೊಡಗಿದಳು. ಇಸಾಕ ಚಾಪೆ ಬಿಟ್ಟು ಏಳಲಿಲ್ಲ. ಭಾನುವಾರ ಬಂದೇ ಬರುತ್ತದೆ, ಜನ ಕೇಳಿಯೇ ಕೇಳುತ್ತಾರೆ. ಅದಕ್ಕೆ ಧೈರ್ಯ ಬೇಡೋಣವೆಂದು ಕೈ ಜೋಡಿಸಿದ. ಧೈರ್ಯ ಯಾರ ಸಲುವಾಗಿ, ಮಗಳಿಗೋ ತನ್ನ ಮಾನಕ್ಕೋ ಎಂದು ತನ್ನನ್ನೇ ಕೇಳಿಕೊಂಡ. ಉತ್ತರ ಬೇಗ ಬರಲಿಲ್ಲ. ಬರುವವರೆಗೂ ಬಾಯಿ ತೆರೆಯದೆ ಹಾಗೇ ಕುಳಿತಿದ್ದ.