ಅಜ್ಜನ ನೀರು

ಊರಿನ ನೀರು ಸರಬರಾಜು ಕೇಂದ್ರದಲ್ಲಿ ಫ್ಲೋರೈಡ್ ಬೆರೆಸುವುದು ನೀರಜ್ಜನ ಕೆಲಸ. ಬೆಳಿಗ್ಗೆ ಬಿಳಿ ಪುಡಿಯನ್ನು ತೊಟ್ಟಿಗೆ ಸುರಿದು, ಮಾಪಕದ ಮುಳ್ಳು ಗೆರೆ ದಾಟದಂತೆ ಕಾಯಬೇಕು. ಹೆಚ್ಚಾದರೆ ಮಕ್ಕಳ ಹಲ್ಲಿಗೆ ಕಲೆ, ಕಮ್ಮಿಯಾದರೆ ಹುಳುಕು. ‘ಊರಿನ ನಗು ನನ್ನ ಕೈಲಿದೆ ಕಣ್ರೋ’ ಎಂದು ಕೊಚ್ಚಿಕೊಳ್ಳುವುದೂ ಉಂಟು. ಇಂಥವನ ಮೊಮ್ಮಗಳ ದವಡೆ ಹಲ್ಲುಗಳೇ ಕರ್ರಗಾಗಬೇಕೆ!

ಸೊಸೆ ಸೀದಾ ಮಾವನ ಜೇಬಿಗೆ ಕೈ ಹಾಕಿದಳು. ಎರಡು ಚಾಕಲೇಟು ಸಿಕ್ಕವು.

“ಇನ್ಮೇಲೆ ಮಗೂನ ನಿಮ್ಮ ಜೊತೆ ಪಾರ್ಕಿಗೆ ಕಳಿಸಲ್ಲ ಮಾವ.”

“ವಾರಕ್ಕೊಂದು ಕೊಡ್ತಿದ್ದೆ ಕಣಮ್ಮ. ಅಷ್ಟಕ್ಕೇ ಹಲ್ಲು ಹೋಗುತ್ತಾ? ಡಾಕ್ಟ್ರೇ ಹೇಳಲಿ.”

ಹೆಂಡತಿ ತೀರಿಹೋದ ಮೇಲೆ, ಸಂಜೆ ಆ ಪುಟ್ಟ ಕೈ ಹಿಡಿದು ನಡೆಯುವುದು ಬಿಟ್ಟರೆ ಆತನಿಗೆ ಬೇರೆ ಸುಖವಿರಲಿಲ್ಲ. ಅದೂ ಹೋದರೆ ಏನು ಗತಿ?

ದಂತವೈದ್ಯೆ ಮಗುವಿನ ಬಾಯಿಗೆ ಪುಟ್ಟ ಕನ್ನಡಿ ಇಟ್ಟು ನೋಡಿದರು.

“ಸಿಹೀನೂ ಕಾರಣ, ಇಲ್ಲ ಅನ್ನಲ್ಲ. ಆದ್ರೆ ವಾರಕ್ಕೊಂದು ಚಾಕಲೇಟಿಗೆ ಇಷ್ಟೆಲ್ಲ ಆಗಲ್ಲ. ಕುಡಿಯೋಕೆ ಯಾವ ನೀರು?”

“ಫಿಲ್ಟರ್ ನೀರು. ಹುಟ್ಟಿದಾಗಿಂದ ನಲ್ಲಿ ನೀರು ಒಂದು ತೊಟ್ಟೂ ಮುಟ್ಟಿಸಿಲ್ಲ,” ಎಂದಳು ಸೊಸೆ. ಸಿಟ್ಟಿನಲ್ಲೂ ಸ್ವಲ್ಪ ಹೆಮ್ಮೆಯಿತ್ತು. “ನಮ್ಮ ಮಾವನೇ ಹಾಕಿಸಿದ್ದು. ನೀರಿನ ವಿಷಯ ಅವರಿಗೆ ಗೊತ್ತಲ್ಲ.”

“ಅಲ್ಲೇ ಇದೆ ನೋಡಿ. ಆ ಥರದ ಫಿಲ್ಟರು ಫ್ಲೋರೈಡನ್ನೂ ಸೋಸಿಬಿಡುತ್ತೆ. ನಿಮ್ಮೂರ ನಲ್ಲಿ ನೀರು ಚೆನ್ನಾಗಿದೆ, ಅದನ್ನೇ ಕುಡಿಸಿ.”

ಚಾಕಲೇಟು ಪಾರಾಯಿತು, ಅಜ್ಜ ಸಿಕ್ಕಿಬಿದ್ದ. ತುಕ್ಕು ಹಿಡಿದ ಹಳೆ ಪೈಪುಗಳನ್ನು ಕಣ್ಣಾರೆ ಕಂಡವನು, ಮೊಮ್ಮಗಳು ಹುಟ್ಟಿದ ವಾರವೇ ಅಂಗಡಿಯಲ್ಲಿದ್ದ ಅತ್ಯುತ್ತಮ ಫಿಲ್ಟರನ್ನು ಹೊತ್ತು ತಂದಿದ್ದ. ಆಮೇಲೆ ಪೈಪು ಬದಲಾದವು, ಫಿಲ್ಟರು ಗೋಡೆಯ ಮೇಲೇ ಉಳಿಯಿತು. ಬೆಳಿಗ್ಗೆ ಊರಿಗೆಲ್ಲ ತಾನು ಹಾಕಿದ್ದನ್ನು ತನ್ನ ಮನೆಯಲ್ಲೇ ತೆಗೆಸುತ್ತಿದ್ದ. ಮನೆಗೆ ಮಾರಿ, ಊರಿಗೆ ಉಪಕಾರಿ. ಗಾದೆ ಯಾರಿಗೋ ಎಂದುಕೊಂಡಿದ್ದನಲ್ಲ!

ಮನೆಗೆ ಬಂದೊಡನೆ ಮಗು ನೀರು ಕೇಳಿತು. ಸೊಸೆಯ ಕೈ ಫಿಲ್ಟರಿನತ್ತ ಹೋಗಿ ನಿಂತಿತು. ಬೈಗುಳಕ್ಕೆ ಕಾದು ನೀರಜ್ಜ ತಲೆ ತಗ್ಗಿಸಿದ. ಆಕೆ ಲೋಟವನ್ನು ಅವನ ಕೈಗೇ ಕೊಟ್ಟಳು.

“ನಲ್ಲೀದೇ ಹಿಡ್ಕೊಡಿ ಮಾವ. ಆಮೇಲೆ ಪಾರ್ಕಿಗೆ ಹೋಗ್ಬನ್ನಿ. ಜೇಬು ಮಾತ್ರ ಇಲ್ಲೇ ಖಾಲಿ ಮಾಡಿ.”

ಮಗು ಗಟಗಟ ಕುಡಿದು ಬಾಯಿ ಒರೆಸಿಕೊಂಡಿತು.

“ಅಜ್ಜಾ, ಇದು ನೀನು ಮಾಡೋ ನೀರಾ?”

“ಹೂಂ ಕಂದ.”

“ಮತ್ತೆ ಇಷ್ಟು ದಿನ ನಂಗ್ಯಾಕೆ ಕೊಡ್ಲಿಲ್ಲ?”

ಯಾರ ಮನೆಯ ನಲ್ಲಿ ತೊಟ್ಟಿಕ್ಕಿದರೂ ಸಿಡುಕುವ ನೀರಜ್ಜ, ತನ್ನ ಮನೆಯ ನಲ್ಲಿ ನಿಲ್ಲಿಸುವುದನ್ನೇ ಮರೆತು ನಿಂತ.